ಕಲ್ಲು ಹದಕ್ಕೆ ಬಂದ ಆರು ವಾರ

ನಮ್ಮ ಮನೆಗೆ ಬಂದವರೆಲ್ಲ ನಡುಮನೆಯ ಗಾಜಿನ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಎಳೆದ ಎರಡು ಮೀನು ಅದರಲ್ಲಿವೆ. ಮೀನನ್ನು ಹೊಗಳುತ್ತಾರೆ, ಬೆಳಕನ್ನು ಹೊಗಳುತ್ತಾರೆ, "ಸಮುದ್ರಾನೇ ತಂದು ಇಟ್ಬಿಟ್ಟಿದ್ದೀರಲ್ಲ" ಎನ್ನುತ್ತಾರೆ. ಹಿಂದೆ ಒಂದರ ಮೇಲೊಂದು ಒರಗಿಸಿಟ್ಟ ಕಲ್ಲುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬಾರದೆಂದೇ ನಾನೂ ಮಾತನ್ನು ಮೀನಿನ ಕಡೆಗೆ ತಿರುಗಿಸುತ್ತೇನೆ. ಇಷ್ಟು ದಿನ ಹಾಗೇ ನಡೆಯಿತು. ಇವತ್ತು ಕಲ್ಲಿನ ವಿಷಯವನ್ನೇ ಹೇಳಿಬಿಡುತ್ತೇನೆ.

ನಾನು ದೊಡ್ಡಬಳ್ಳಾಪುರದವನು. ಮೋಟರಿಗೆ ತಂತಿ ಸುತ್ತುವುದು ನನ್ನ ಕಸುಬು. ನಮ್ಮ ಬೀದಿಗಳಲ್ಲಿ ಹಗಲೆಲ್ಲ ವಿದ್ಯುತ್ ಮಗ್ಗಗಳು ಲಟಲಟ ಎನ್ನುತ್ತಿರುತ್ತವೆ. ಒಂದು ನಿಂತಿತೆಂದರೆ ನನಗೆ ಫೋನು ಬರುತ್ತದೆ. ಒಮ್ಮೆ ದೇವನಹಳ್ಳಿಯ ಹತ್ತಿರ ಒಬ್ಬರ ಮನೆಗೆ ಪಂಪು ರಿಪೇರಿಗೆಂದು ಹೋದವನು ಅವರ ನಡುಮನೆಯಲ್ಲಿ ಕಡಲ ಮೀನು ಸಾಕಿದ ಉಪ್ಪುನೀರಿನ ತೊಟ್ಟಿ ನೋಡಿದೆ. ಐವತ್ತು ದಾಟಿದ ಗಂಡಸು, ಕೈಯಲ್ಲಿ ಸ್ಪ್ಯಾನರು ಹಿಡಿದುಕೊಂಡೇ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟೆ. ಸಮುದ್ರವನ್ನು ನಾನು ನೋಡಿದ್ದು ಜೀವಮಾನದಲ್ಲಿ ಎರಡು ಸಲ, ಅದೂ ಪ್ರವಾಸದ ಬಸ್ಸಿನಿಂದ ಇಳಿದು ಕಾಲು ತೋಯಿಸಿಕೊಂಡು ವಾಪಸ್ಸು ಹತ್ತಿದ್ದು. ಅಂಥದ್ದು ಮನೆಯಲ್ಲೇ ಇದ್ದರೆ ಹೇಗಿರುತ್ತದೆ ಎನ್ನುವ ಯೋಚನೆ ತಲೆಗೆ ಹತ್ತಿತು, ಇಳಿಯಲಿಲ್ಲ.

ಮೀನು ಮಾರುವವರೊಬ್ಬರು ಹೊಸಕೋಟೆಯಲ್ಲಿ ಸಿಕ್ಕರು. ತಗಡಿನ ಶೆಡ್ಡಿನ ತುಂಬ ತೊಟ್ಟಿಗಳು. ನಾನು ಮೀನಿನ ಕಡೆ ಕೈ ತೋರಿಸಿದರೆ ಅವರು ತಲೆಯಾಡಿಸಿದರು.

"ಮೀನು ಆಮೇಲೆ ಗುರು. ಮೊದ್ಲು ಕಲ್ಲು."

"ಕಲ್ಲಾ? ನಮ್ಮ ಕಡೆ ಬೇರೆ ಏನಿದೆ ಸ್ವಾಮಿ? ಮಾಕಳಿದುರ್ಗದಿಂದ ಒಂದು ಹೊತ್ಕೊಂಡ್ ಬಂದ್ರೆ ಆಗಲ್ವಾ?"

"ಅದನ್ನ ಹಾಕಿದ್ರೆ ಸೊಗಸಾಗಿ ಕಾಣ್ಸುತ್ತೆ, ಮೀನು ಎಂಟು ದಿನಕ್ಕೆ ಸಾಯುತ್ತೆ. ನಿಮಗೆ ಬೇಕಾಗಿರೋದು ಜೀವ ಇರೋ ಕಲ್ಲು."

ಜೀವ ಇರುವ ಕಲ್ಲೆಂದರೆ ಏನೆಂದು ಅವರೇ ತಿಳಿಸಿದರು. ಸಿಮೆಂಟು, ಮರಳು, ಕಪ್ಪೆಚಿಪ್ಪಿನ ಪುಡಿ ಕಲಸಿ, ತೂತುತೂತಾಗಿ ಅಚ್ಚು ಹಾಕಿ, ತಮಿಳುನಾಡಿನ ಕಡಲಲ್ಲಿ ತಿಂಗಳುಗಟ್ಟಲೆ ಇಳಿಬಿಡುತ್ತಾರೆ. ಕಡಲು ಅದಕ್ಕೆ ಮೈಯೆಲ್ಲ ಹತ್ತಿಕೊಳ್ಳುತ್ತದೆ. ನೇರಳೆ ಪಾಚಿ, ಸ್ಪಂಜು, ಶಂಖದ ಹುಳ, ಕಣ್ಣಿಗೆ ಕಾಣದ ಇನ್ನೂ ಏನೇನೋ ತೂತುಗಳಲ್ಲಿ ಸಂಸಾರ ಹೂಡುತ್ತವೆ. ಮೀನಿನ ಹೊಲಸನ್ನು ತಿಂದು ನೀರನ್ನು ತಿಳಿ ಮಾಡುವವು ಅವೇ. ಆದರೆ ಕಲ್ಲನ್ನು ನೀರಿನಿಂದ ತೆಗೆದು ಊರೂರು ದಾಟಿಸುವಾಗ ಅದರಲ್ಲಿ ಅರ್ಧ ಸಾಯುತ್ತದೆ. ಸತ್ತದ್ದು ಕೊಳೆತು ಮುಗಿಯುವವರೆಗೂ ಕಲ್ಲನ್ನು ಬೇರೆ ಉಪ್ಪುನೀರಲ್ಲಿ, ಕತ್ತಲಲ್ಲಿ, ಮೋಟರಿನಿಂದ ನೀರು ತಿರುಗಿಸುತ್ತ ಇಡಬೇಕು. ವಾರಕ್ಕೊಮ್ಮೆ ಹಳೇ ಬ್ರಷ್ಷಿನಿಂದ ಕೊಳೆತದ್ದನ್ನು ತಿಕ್ಕಿ ತೆಗೆದು ನೀರು ಬದಲಾಯಿಸಬೇಕು. ಇದನ್ನು ಕಲ್ಲು ಹದ ಮಾಡುವುದು ಎನ್ನುತ್ತಾರೆ.

"ಸ್ವಲ್ಪ ವಾಸನೆ ಬರುತ್ತೆ" ಎಂದರು ಕೊನೆಗೆ. ಆ 'ಸ್ವಲ್ಪ'ವನ್ನು ನಾನು ಹಾಗೇ ನಂಬಿದೆ.

ಒದ್ದೆ ತಮಿಳು ಪೇಪರಿನಲ್ಲಿ ಸುತ್ತಿದ ಹನ್ನೆರಡು ಕಿಲೋ ಕಲ್ಲನ್ನು ಥರ್ಮಾಕೋಲು ಡಬ್ಬಿಗೆ ತುಂಬಿಸಿಕೊಂಡು ಬಸ್ಸು ಹತ್ತಿದೆ. ದೇವನಹಳ್ಳಿ ಬರುವ ಹೊತ್ತಿಗೆ ಡಬ್ಬಿಯ ಮೂಲೆಯಿಂದ ನೀರು ತೊಟ್ಟಿಕ್ಕಿ ಕಂಡಕ್ಟರನ ಬೂಟಿನವರೆಗೆ ಹರಿದಿತ್ತು.

"ಏನ್ ಯಜಮಾನ್ರೇ ಇದು, ಮೀನಾ?"

"ಮೀನಲ್ಲಪ್ಪ, ಕಲ್ಲು."

"ಕಲ್ಲು ಉಚ್ಚೆ ಹುಯ್ತದಾ?" ಅಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಆ ಕಲ್ಲಿನ ವಿಷಯದಲ್ಲಿ ನಾನು ಮನಸಾರೆ ನಕ್ಕಿದ್ದು ಅದೇ ಕೊನೆ.

ಮನೆಯ ಸಂಗತಿ ಹೇಳಬೇಕು. ನಮ್ಮದು ಮಾಂಸ, ಮೀನು, ಮೊಟ್ಟೆ ಮುಟ್ಟದ ಮನೆ. ಹೆಂಡತಿ ಆಗ ಮಗಳ ಬಾಣಂತನಕ್ಕೆ ನೆಲಮಂಗಲಕ್ಕೆ ಹೋಗಿದ್ದಳು. ಅವಳಿದ್ದಿದ್ದರೆ ಡಬ್ಬಿ ಹೊಸ್ತಿಲು ದಾಟುತ್ತಿರಲಿಲ್ಲ. ಇದ್ದವರು ನಾನು ಮತ್ತು ಎಂಬತ್ತರ ನನ್ನ ಅಮ್ಮ. ಹಿತ್ತಿಲಲ್ಲಿ ಎರಡು ಕೋಣೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಿದ್ದೆವು. ಅಲ್ಲಿದ್ದವರು ಒಬ್ಬ ಶಾಲಾ ಟೀಚರು, ಉಡುಪಿಯ ಆಚೆ ಕಡಲ ಬದಿಯ ಹಳ್ಳಿಯವರು. ವರ್ಗವಾಗಿ ಬಂದು ಮೂರು ವರ್ಷ. ಗಂಡನ ಕೆಲಸ ಊರಲ್ಲೇ. ಇಲ್ಲಿ ಆಕೆ, ಏಳನೇ ಕ್ಲಾಸಿನ ಮಗಳು. ಕಡಲ ಕಡೆಯವರೆಂದ ಕೂಡಲೇ ನಮ್ಮ ಬೀದಿಯಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ. ಅಮ್ಮ ಕೊಟ್ಟಳು, ಒಂದು ಮಾತು ತೆಗೆದುಕೊಂಡು. "ನೋಡಮ್ಮ, ನನ್ನ ಮನೇಲಿ ಮೀನು ಬೇಯಬಾರದು." ಆಕೆ ತುಳಸಿಕಟ್ಟೆಯ ಮುಂದೆ ನಿಂತು "ಇಲ್ಲಮ್ಮ, ಬೇಯಿಸುದಿಲ್ಲ" ಎಂದಿದ್ದರು. ರಜಕ್ಕೆ ಊರಿಗೆ ಹೋದಾಗ ತಿಂದು ಬರುತ್ತಿದ್ದರು, ಅಷ್ಟೇ. ಸಂಜೆ ಹೊತ್ತು ಅಕ್ಕಪಕ್ಕದ ಮನೆಗಳ ಮಕ್ಕಳು ಆಕೆಯ ಜಗಲಿಯ ಮೇಲೆ ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದವು. ಅದಕ್ಕೆ ಆಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಅಮ್ಮನಿಗೆ ಡಬ್ಬಿಯನ್ನು ತೋರಿಸಿ ನಾನು ಹೇಳಿದ್ದು ಒಂದೇ ಮಾತು: "ಬರೀ ಕಲ್ಲಮ್ಮ. ಅಲಂಕಾರಕ್ಕೆ." ಒಳಗೆ ಹುಳಗಳಿವೆ, ಸತ್ತಿವೆ, ಕೊಳೆಯುತ್ತವೆ ಎಂದು ಹೇಳಲಿಲ್ಲ. ಹೇಳಿದ್ದರೆ ಆ ದಿನವೇ ಕಲ್ಲು ಬೀದಿಗೆ ಬೀಳುತ್ತಿತ್ತು.

ಟೀಚರ ಅಡುಗೆಮನೆಗೆ ಗೋಡೆ ಹಂಚಿಕೊಂಡು ನಮ್ಮ ಹಳೆಯ ಮಗ್ಗದ ಕೋಣೆ ಇದೆ. ಅಪ್ಪ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಗುಂಡಿ ಅಲ್ಲಿ ಹಾಗೇ ಇತ್ತು. ತಂಪು, ಕತ್ತಲು, ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ನೀಲಿ ಡ್ರಮ್ಮನ್ನು ಗುಂಡಿಗಿಳಿಸಿ, ಕ್ಯಾನು ನೀರಿಗೆ ಪ್ಯಾಕೆಟ್ಟಿನ ಕಡಲುಪ್ಪು ಕದಡಿ, ಸಣ್ಣ ಮೋಟರು ಮುಳುಗಿಸಿ, ಕಲ್ಲು ಜೋಡಿಸಿ ಮೇಲೆ ಗೋಣಿಚೀಲ ಹೊದಿಸಿದೆ. ಬಾಗಿಲಿಗೆ ಬೀಗ ಹಾಕಿದೆ. ಗೋಡೆಯ ಮೇಲ್ಗಡೆ ಒಂದು ಗವಾಕ್ಷಿ ಇತ್ತು. ಅದು ತೆರೆದುಕೊಳ್ಳುತ್ತಿದ್ದುದು ಟೀಚರ ಒಲೆಯ ನೇರಕ್ಕೆ. ಅದು ನನ್ನ ತಲೆಗೆ ಹೊಳೆಯಲಿಲ್ಲ.

ನಾಲ್ಕನೇ ದಿನ ವಾಸನೆ ಎದ್ದಿತು. ಏನು ವಾಸನೆ ಅಂತೀರಿ! ಮೋರಿಯದಲ್ಲ, ಸತ್ತ ಇಲಿಯದಲ್ಲ. ಉಪ್ಪು ಬೆರೆತ, ಮೂಗಿನ ಹಿಂದೆ ಹೋಗಿ ಕೂತುಬಿಡುವ ನಾತ. ಕಡಲನ್ನೇ ಕಾಣದ ನಮ್ಮ ಮನೆಯಲ್ಲಿ ಉಪ್ಪುಪ್ಪಾಗಿ ನಾರುವುದೆಲ್ಲ ಒಂದೇ. ಅಮ್ಮ ಜಪಮಣಿ ಕೆಳಗಿಟ್ಟು ಮೂಗು ಅರಳಿಸಿದಳು.

"ಲೋ, ಮೀನು."

"ಎಲ್ಲಮ್ಮ?"

"ಹಿಂದ್ಗಡೆ ಕಣೋ. ಟೀಚರಮ್ಮ ಮಾತು ತಪ್ಪವಳೆ."

ಆಗ ಹೇಳಬಹುದಿತ್ತು. 'ನನ್ನ ಕಲ್ಲು', ನಾಲ್ಕೇ ಅಕ್ಷರದ ಮಾತು. ನಾನು ಹೇಳಿದ್ದು, "ಇರಲಾರದು ಬಿಡಮ್ಮ" ಎಂದು. ಅಮ್ಮ ಬಿಡಲಿಲ್ಲ. ಮಂಡಿ ನೋವಿನ ಹೆಂಗಸು ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ನಡೆದೇ ಬಿಟ್ಟಳು. ನಾನು ಹಿಂದೆ ಹೋದೆ.

ಟೀಚರು ಆಗಷ್ಟೇ ಶಾಲೆಯಿಂದ ಬಂದು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದರು.

"ಏನಮ್ಮಾ ಬೇಯಿಸ್ತಿದ್ದೀಯ?"

"ಹೆಸರುಕಾಳು ಅಮ್ಮ. ಎಂತ ಆಯ್ತು?"

"ಎಂತ ಆಯ್ತು ಅಂತ ಮೂಗೇ ಹೇಳ್ತಾ ಐತಲ್ಲ. ತುಳಸಮ್ಮನ ಮುಂದೆ ನಿಂತ್ಕೊಂಡು ಹೇಳಿದ್ದೆ ನೀನು."

"ನಾನು ಮಾಡ್ಲಿಲ್ಲ ಅಮ್ಮ. ನನಗೂ ವಾಸನೆ ಬರ್ತಾ ಉಂಟು. ಬೇಕಾದ್ರೆ ಒಳಗೆ ಬಂದು ನೋಡಿ."

ಹೀಗೆಂದಾಗ ಮರ್ಯಾದಸ್ಥರು ಒಳಗೆ ಹೋಗುವುದಿಲ್ಲ. ಅಮ್ಮ ಹೋದಳು. ಒಲೆಯ ಮೇಲಿನ ಮುಚ್ಚಳ ತೆಗೆದಳು. ಪಕ್ಕದ ಪಾತ್ರೆಯದು ತೆಗೆದಳು. ಅನ್ನ, ಸಾರು, ಮಜ್ಜಿಗೆ. ಡಬ್ಬಗಳನ್ನೂ ಒಂದೊಂದಾಗಿ ಮೂಸಿದಳು. ಮಗಳು ಪುಸ್ತಕ ಎದೆಗೊತ್ತಿಕೊಂಡು ಮೂಲೆಯಲ್ಲಿ ನಿಂತು ತನ್ನ ಅಮ್ಮನ ಮುಖವನ್ನೇ ನೋಡುತ್ತಿತ್ತು. ಟೀಚರು ನನ್ನ ಕಡೆ ತಿರುಗಿದರು.

"ನೀವಾದ್ರೂ ಹೇಳಿ ಅಣ್ಣ."

ನನ್ನ ಬಲಗೈ ಆ ಬೆಳಗ್ಗೆ ತಾನೇ ಡ್ರಮ್ಮಿನೊಳಗಿತ್ತು. ಸೋಪು ಹಾಕಿ ತೊಳೆದಿದ್ದರೂ ಉಗುರುಸಂದಿಯಲ್ಲಿ ಅದೇ ನಾತ. ಆ ಕೈಯನ್ನು ಪಂಚೆಯ ಹಿಂದೆ ಇಟ್ಟುಕೊಂಡು, "ಮೋರಿ ಗೀರಿ ಕಟ್ಟಿರಬಹುದು" ಎಂದೆ.

"ಮೋರಿ ವಾಸನೆ ನಂಗೊತ್ತಿಲ್ವೇನೋ?" ಎಂದಳು ಅಮ್ಮ. "ಅಡುಗೆ ಮುಗ್ಸಿ ಪಾತ್ರೆ ತೊಳ್ದವಳೆ, ಅಷ್ಟೆ. ಬಾ."

ನಾನು ಅಮ್ಮನ ಹಿಂದೆ ಬಂದುಬಿಟ್ಟೆ.

ಮರುದಿನ ಹೂವಿನವಳ ಬುಟ್ಟಿಯ ಮುಂದೆ ಅಮ್ಮ ಮೂರು ಮನೆಯ ಹೆಂಗಸರಿಗೆ ಹೇಳಿದಳು. ಸಂಜೆ ಜಗಲಿಯ ಮೇಲೆ ಎರಡು ಮಕ್ಕಳು ಕಮ್ಮಿ. ವಾರದೊಳಗೆ ಜಗಲಿಯೇ ಖಾಲಿ. ಗೌರಿ ಹಬ್ಬ ಬಂತು. ಮೂರು ವರ್ಷದಿಂದ ಟೀಚರಿಗೆಂದು ಅಮ್ಮ ಒಂದು ಮೊರದ ಬಾಗಿನ ಬೇರೆ ಎತ್ತಿಡುತ್ತಿದ್ದಳು, ಆ ವರ್ಷ ಎತ್ತಿಡಲಿಲ್ಲ. ಆಕೆ ಹೊಸ ಸೀರೆ ಉಟ್ಟುಕೊಂಡು ಮಧ್ಯಾಹ್ನದವರೆಗೂ ಬಾಗಿಲು ತೆರೆದಿಟ್ಟುಕೊಂಡೇ ಇದ್ದುದನ್ನು ನಾನು ಕಿಟಕಿಯಿಂದ ನೋಡಿದೆ.

ಹೀಗೆಲ್ಲ ಆಗುತ್ತಿದ್ದಾಗ ನಾನೇನು ಮಾಡುತ್ತಿದ್ದೆ? ಸುಳ್ಳೇಕೆ ಹೇಳಲಿ, ಕಲ್ಲು ತಿಕ್ಕುತ್ತಿದ್ದೆ. ಅಂಗಡಿಗೆ ಹೋಗುವ ಮುಂಚೆ ಬೀಗ ತೆಗೆದು ಒಳಗೆ ಕೂತರೆ ಲೋಕ ಮರೆತುಹೋಗುತ್ತಿತ್ತು. ಬೂದಿ ಬಣ್ಣಕ್ಕೆ ತಿರುಗಿ ಲೋಳೆಯಾದ ಸ್ಪಂಜನ್ನು ಬ್ರಷ್ಷಿನಿಂದ ಕೀಳುವುದು, ಕಲ್ಲನ್ನು ಉಪ್ಪುನೀರಲ್ಲಿ ಅದ್ದಿ ಅಲುಗಿಸುವುದು, ಮತ್ತೆ ಜೋಡಿಸುವುದು. ಒಂದು ದಿನ ಟಾರ್ಚು ಬಿಟ್ಟಾಗ ತೂತಿನೊಳಗಿಂದ ದಾರದಂಥ ಐದು ಕೈ ಚಾಚಿ ಪುಟಾಣಿ ನಕ್ಷತ್ರವೊಂದು ಹೊರಬಂತು. ನನಗಾದ ಖುಷಿ ಮಗಳು ಹುಟ್ಟಿದಾಗಲೂ ಆಗಿತ್ತೋ ಇಲ್ಲವೋ. ಗೋಡೆಯ ಆಚೆ ಟೀಚರು ಮಗಳಿಗೆ ಊಟಕ್ಕೆ ಬಡಿಸುತ್ತಿದ್ದರು. ತಟ್ಟೆಯ ಸದ್ದು ಬಿಟ್ಟರೆ ಮಾತಿರಲಿಲ್ಲ.

ವಾರಕ್ಕೊಮ್ಮೆ ಹಳೇ ನೀರನ್ನು ಹೊರಗೆ ಬಿಡಬೇಕಲ್ಲ. ಮಗ್ಗದ ಕೋಣೆಯ ಬಚ್ಚಲ ನೀರು ಹೋಗುವ ಕಾಲುವೆ ಟೀಚರ ಹಿಂಬಾಗಿಲನ್ನು ಹಾದೇ ಬೀದಿ ಮೋರಿ ಸೇರಬೇಕು. ಎರಡನೇ ಸಲ ನೀರು ಬಿಟ್ಟ ದಿನ, ಯಾಕೋ ಹಿತ್ತಿಲಿಗೆ ಹೋದೆ. ಆಕೆ ಸೀರೆ ಎತ್ತಿಕಟ್ಟಿ, ಬ್ಲೀಚಿಂಗ್ ಪೌಡರು ಚೆಲ್ಲಿ, ತೆಂಗಿನ ಪೊರಕೆಯಿಂದ ಆ ಕಾಲುವೆಯನ್ನು ಉಜ್ಜುತ್ತಿದ್ದರು. ಯಾರು ಬಂದು ಮೂಸಿದರೂ ತನ್ನ ಬಾಗಿಲಲ್ಲಿ ಏನೂ ಸಿಗಬಾರದೆಂದು. ನನ್ನ ಹೊಲಸನ್ನು ಆಕೆ ತೊಳೆಯುತ್ತಿದ್ದರು. "ಬಿಡಿ ಟೀಚರ್, ನಾನು ತೊಳೀತೀನಿ" ಎಂದೆ. "ಪರವಾಗಿಲ್ಲ ಅಣ್ಣ" ಎಂದರು, ತಲೆಯೆತ್ತದೆ.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವರೇ ನೇರ ಮಗ್ಗದ ಕೋಣೆಯ ಬಾಗಿಲಿಗೆ ಬಂದರು. ನಾನು ಬೀಗ ಹಾಕುವುದರಲ್ಲಿದ್ದೆ.

"ಅಣ್ಣ, ಇದು ಮೀನಿನ ವಾಸನೆ ಅಲ್ಲ."

ನಾನು ಬೀಗವನ್ನು ಎರಡು ಸಲ ಎಳೆದು ನೋಡಿದೆ.

"ಕಡಲ ನೀರು ಇಳಿದಾಗ ಬಂಡೆ ಮೇಲೆ ಚಿಪ್ಪು, ಪಾಚಿ ಎಲ್ಲ ಬಿಸಿಲಿಗೆ ಸಾಯ್ತದೆ. ಆವಾಗ ಬರುವ ವಾಸನೆ ಇದು. ನಾನು ಹುಟ್ಟಿದ್ದೇ ಅದ್ರಲ್ಲಿ ಮಾರಾಯ್ರೆ. ಮೊದಲ ದಿನವೇ ಗೊತ್ತಾಗಿತ್ತು, ಗೋಡೆಯ ಈ ಕಡೆಯಿಂದ ಬರುದು ಅಂತ."

"ಮತ್ತೆ ಅಮ್ಮನ ಹತ್ರ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಏನಾಗ್ತದೆ? ಮೀನು ಬೇಯಿಸಿದ್ದಲ್ದೇ ಮಗನ ಮೇಲೆ ಹಾಕ್ತಾಳೆ ಅಂತ ಆಗ್ತದೆ. ನಿಮ್ಮ ಬಾಯಿಂದ ಬರ್ಲಿ ಅಂತ ಕಾದೆ. ಹೇಳ್ತೀರಾ?"

"ಹೇಳ್ತೀನಿ ಟೀಚರ್. ಒಂದೆರಡು ವಾರ ಹೋಗ್ಲಿ. ನೀರು ತಿಳಿಯಾಗ್ಲಿ."

ಆಕೆ ನನ್ನನ್ನು ನೋಡಿದ ಬಗೆಯನ್ನು ನಾನು ಇಲ್ಲಿ ಬರೆಯಲಾರೆ. ಮಕ್ಕಳು ಹೋಂವರ್ಕು ಮರೆತೆ ಎಂದಾಗ ಟೀಚರುಗಳು ನೋಡುತ್ತಾರಲ್ಲ, ಅದಲ್ಲ. ಅದರಲ್ಲಿ ಮುಂದಿನ ಸಲ ತಂದಾನು ಎನ್ನುವ ನಂಬಿಕೆಯಾದರೂ ಇರುತ್ತದೆ.

ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಕಲ್ಲು ಹದಕ್ಕೆ ಬಂದರೆ ವಾಸನೆ ಹೋಗುತ್ತದೆ, ವಾಸನೆ ಹೋದರೆ ಅಮ್ಮ ಮರೆಯುತ್ತಾಳೆ, ಮರೆತರೆ ನಾನು ಏನನ್ನೂ ಹೇಳಬೇಕಾಗಿಲ್ಲ. ಹಾಗೇ ಆಯಿತು, ಅರ್ಧ. ಐದನೇ ವಾರ ನಾತ ತಗ್ಗಿತು. ಆರನೇ ವಾರ ಪರೀಕ್ಷೆಯ ಗಾಜಿನ ಕೊಳವೆಗೆ ಔಷಧದ ಹನಿ ಹಾಕಿದರೆ ನೀರು ಹಸಿರಾಗದೆ ಹಳದಿಯಾಗಿ ಉಳಿಯಿತು. ವಿಷ ಇಳಿದಿದೆ ಎಂದರ್ಥ. ಗೋಣಿಚೀಲ ತೆಗೆದರೆ ತಣ್ಣನೆಯ, ಚೊಕ್ಕಟವಾದ ಉಪ್ಪುಗಾಳಿ. ಕಲ್ಲಿನ ಮೇಲೆ ನೇರಳೆ ಪಾಚಿ ಹಬ್ಬಿತ್ತು.

ನವರಾತ್ರಿಯ ಎರಡನೇ ದಿನ. ಅಮ್ಮ ಹಿತ್ತಿಲ ಕಡೆ ಮುಖ ಮಾಡಿ ಉದ್ದಕ್ಕೆ ಉಸಿರೆಳೆದುಕೊಂಡಳು. ಮುಖ ಅರಳಿತು.

"ನೋಡ್ದೇನೋ? ಒಂದು ಮಾತು ಗಟ್ಟಿಯಾಗಿ ಹೇಳಿದ್ದಕ್ಕೆ ಟೀಚರಮ್ಮ ನಿಲ್ಲಿಸಿಬಿಟ್ಟಳು. ಒಳ್ಳೇ ಹೆಣ್ಣುಮಗಳು, ಏನೋ ನಾಲಿಗೆ ಚಪಲ. ನಾನೂ ಗೌರಿಲಿ ಬಾಗಿನ ಕೊಡದೆ ಜಾಸ್ತಿ ಮಾಡಿದೆ. ಹೋಗಿ ಕರಿ, ಅರಿಶಿನ ಕುಂಕುಮ ತಗೊಂಡು ಹೋಗ್ಲಿ. ಹಳೇದೆಲ್ಲ ಮರ್ತುಬಿಡೋಣ."

ವಾಸನೆ ಇದ್ದಷ್ಟು ದಿನ ಅದು ಅನುಮಾನವಾಗಿತ್ತು. ಹೋದ ಮೇಲೆ ಸಾಕ್ಷಿಯಾಯಿತು. ಆರು ವಾರ ಕೂತು ತಿಕ್ಕಿ ತಿಕ್ಕಿ ನಾನು ಆಕೆಯ ಮೇಲಿನ ತಪ್ಪನ್ನು ರುಜುವಾತು ಮಾಡಿಟ್ಟಿದ್ದೆ.

ಆದರೂ ಕರೆಯಲು ಹೋದೆ ನೋಡಿ. ಆಕೆ ದಸರಾ ರಜಕ್ಕೆ ಊರಿಗೆ ಹೊರಡಲು ಬಟ್ಟೆ ಮಡಿಸುತ್ತಿದ್ದರು.

"ಟೀಚರ್, ಅಮ್ಮ ಕುಂಕುಮಕ್ಕೆ ಕರೀತಾ ಇದ್ದಾರೆ."

"ಹೇಳಿದ್ರಾ?"

ನಾನು ಹೊಸ್ತಿಲ ಕಡೆ ನೋಡಿದೆ.

"ಹಾಗಾದ್ರೆ ಯಾವುದಕ್ಕೆ ಕರೆಯುದು? ನಾನೀಗ ಬಂದು ಕುಂಕುಮ ತಗೊಂಡ್ರೆ, ಹೌದು ಬೇಯಿಸಿದ್ದೆ, ಇನ್ನು ಬೇಯಿಸುದಿಲ್ಲ ಅಂತ ಒಪ್ಪಿಕೊಂಡ ಹಾಗೆ ಅಣ್ಣ. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ ನಾನು. ನನ್ನ ಮಗಳು ಅದನ್ನ ನೋಡಿದ್ದಾಳೆ. ಅವಳು ನೋಡ್ತಾ ಇರುವಾಗ ಕುಂಕುಮಕ್ಕೆ ಬರ್ಲಿಕ್ಕೆ ನನ್ನಿಂದ ಆಗುದಿಲ್ಲ." ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ಶಾಲೆ ಹತ್ರ ಒಂದು ಮನೆ ನೋಡಿದ್ದೇನೆ. ರಜ ಮುಗಿದ ಮೇಲೆ ಅಲ್ಲಿಗೆ ಹೋಗ್ತೇವೆ."

ಒಬ್ಬನೇ ವಾಪಸ್ಸು ಬಂದೆ. ಅಮ್ಮ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ರವಿಕೆ ಕಣ ಎಲ್ಲ ಜೋಡಿಸಿಕೊಂಡು ಮಣೆ ಹಾಕಿ ಕೂತಿದ್ದಳು. "ಎಲ್ಲೋ ಅವಳು?" ಎಂದಳು. ಆಗ ಹೇಳಿದೆ. ಕಲ್ಲು, ಹುಳ, ಡ್ರಮ್ಮು, ಕಾಲುವೆ, ಎಲ್ಲ. ನಿಂತುಕೊಂಡೇ ಹೇಳಿದೆ, ಕೂರುವ ಧೈರ್ಯವಿರಲಿಲ್ಲ.

ಅಮ್ಮ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ತನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡಳು.

"ನಾನು ಅವಳ ಪಾತ್ರೆ ಮುಚ್ಚಳ ತೆಗ್ದೆನಲ್ಲೋ" ಎಂದಳು. "ನೀನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈ ಹಿಡೀಬಾರ್ದಾಗಿತ್ತೇನೋ?"

ತಟ್ಟೆಯನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ನನ್ನನ್ನು ಬರಬೇಡ ಎಂದಳು. ಒಳಗೆ ಏನು ಮಾತಾಯಿತೋ ತಿಳಿಯದು. ವಾಪಸ್ಸು ಬರುವಾಗ ಟೀಚರೇ ಅಮ್ಮನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ ಬಿಟ್ಟುಹೋದರು. "ನಿಮಗೆ ಗೊತ್ತಿರ್ಲಿಲ್ಲ ಅಮ್ಮ, ನಿಮ್ಮ ಮೇಲೆ ಬೇಜಾರಿಲ್ಲ" ಎಂದದ್ದು ಮಾತ್ರ ಕೇಳಿಸಿತು. ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

ರಜ ಮುಗಿದ ಮೇಲೆ ಅವರು ಹೋದರು. ಹೋಗಬೇಡವೆಂದು ಅಮ್ಮ ಎರಡು ಸಲ ಕೇಳಿಕೊಂಡಳು. ಆಕೆ ನಯವಾಗಿಯೇ ಇಲ್ಲವೆಂದರು. ಗೂಡ್ಸ್ ಆಟೋಗೆ ಅಕ್ಕಿ ಡಬ್ಬ ಎತ್ತಿಕೊಡಲು ಕೈ ಚಾಚಿದೆ. ಮಗಳು ಅದನ್ನು ನನ್ನ ಕೈಗೆ ಸಿಗದಂತೆ ತಾನೇ ಎತ್ತಿಟ್ಟಿತು.

ಆ ಸಂಜೆ ಅಮ್ಮ ಹೇಳಿದಳು: "ನಾನು ಮೂರು ಮನೆಗೆ ಹೇಳಿದ್ದೀನಿ. ನೀನು ಮೂರೂ ಮನೆಗೆ ಹೋಗಿ ನಿಜ ಹೇಳಿ ಬಾ."

ಹೋದೆ. ಮೊದಲ ಮನೆಯಲ್ಲಿ ಕಾಫಿ ಕೊಟ್ಟರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಯಜಮಾನರು ಗಂಭೀರವಾಗಿ ಕೇಳಿ, ಮುಗುಳ್ನಕ್ಕು, "ಹೋಗ್ಲಿ ಬಿಡಿ ಸಾರ್, ನೀವು ಯಾರನ್ನೂ ಬಿಟ್ಟುಕೊಡೋರಲ್ಲ" ಎಂದರು. ಎರಡನೇ ಮನೆಯಾಕೆ, "ಮನೆ ಬಿಟ್ಟು ಹೋದ್ಮೇಲೂ ಆಯಮ್ಮನ ಪರವಾಗಿ ಮಾತಾಡ್ತೀರಲ್ಲಣ್ಣ, ಬೇರೆಯವರಾಗಿದ್ರೆ ಮಾಡ್ತಿದ್ರಾ?" ಎಂದರು. "ಇಲ್ಲಮ್ಮ, ನಿಜವಾಗ್ಲೂ ನನ್ನ ಕಲ್ಲೇ" ಎಂದು ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತಿದ್ದೆ. ಮೂರನೇ ಮನೆಯವರನ್ನು ಕೈ ಹಿಡಿದು ಕರೆದುಕೊಂಡು ಬಂದು, ಅಷ್ಟರಲ್ಲಿ ಕಲ್ಲು ಜೋಡಿಸಿ ನಡುಮನೆಯಲ್ಲಿಟ್ಟಿದ್ದ ಗಾಜಿನ ತೊಟ್ಟಿಯನ್ನೇ ತೋರಿಸಿದೆ. ಅವರು ಬಗ್ಗಿ ಮೂಸಿದರು. ಹದಕ್ಕೆ ಬಂದ ಕಲ್ಲು, ಏನೂ ನಾರಲಿಲ್ಲ.

"ಎಷ್ಟು ಚೊಕ್ಕಟವಾಗಿದೆ!" ಎಂದರು. "ನಿಮ್ಮ ಮನಸ್ಸಿನ ಹಾಗೆ."

ನಮ್ಮ ಬೀದಿಯಲ್ಲಿ ಇವತ್ತಿಗೂ ನನಗೆ ಒಳ್ಳೆಯ ಹೆಸರಿದೆ. ಟೀಚರಿಗೆ ಇಲ್ಲ.